ಬಚ್ಚಲ ಗೀಜರು, ಕಣ್ಣ ಕೆಳಗಿನ ಕುಳಿ

ತಮ್ಮಾ, ಲಗ್ನಕ್ಕೆ ಮುಂಚೆ ನೀನು ಎರಡು ಕೆಲಸ ಮುಗಿಸಲು ಹೊರಟಿದ್ದೀ ಅಂತ ವೈನಿ ಹೇಳಿದರು. ಹಳೇ ತಾಮ್ರದ ಬಂಬವನ್ನು ಗುಜರಿಗೆ ಹಾಕಿ ರಾಯನಗರದ ಹೊಸ ಮನೆಯ ಬಚ್ಚಲಿಗೆ ಗ್ಯಾಸ್ ಗೀಜರ್ ಕೂಡಿಸುವುದು ಒಂದು. ಕಣ್ಣ ಕೆಳಗೆ ಬಿದ್ದ ಕುಳಿಗೆ ಸೂಜಿ ಹಾಕಿಸಿ ತುಂಬಿಸಿಕೊಳ್ಳುವುದು ಇನ್ನೊಂದು. ಎರಡೂ ಅರ್ಧ ತಾಸಿನ ಕೆಲಸ, ಅಗ್ಗದಲ್ಲಿ ಮಾಡಿಕೊಡುವವರು ಗೊತ್ತಿದ್ದಾರೆ ಅಂತ ಗೆಳೆಯರು ಅಂದರಂತೆ. ಮಾಡಿಸಬೇಡ ಅನ್ನಲು ನಾನು ಬರೆಯುತ್ತಿಲ್ಲ. ಯಾರ ಕೈಯಿಂದ ಮಾಡಿಸುತ್ತೀ ಅನ್ನುವುದನ್ನು ಮೊದಲು ಕೇಳಿಕೋ. ಒಂದರಲ್ಲಿ ಜೀವ ಇದೆ, ಇನ್ನೊಂದರಲ್ಲಿ ಕಣ್ಣು.

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟವೆಲ್ಲಿನ ನೂಲಿಗೆ ಬಣ್ಣ ಹಾಕುವ ಖಾನೆಯ ಬಾಯ್ಲರ್ ಮುಂದೆಯೇ ನಿನ್ನ ಈ ಕಾಕಾನ ಪಾಳಿಗಳೆಲ್ಲ ಕಳೆದದ್ದು ನಿನಗೆ ಗೊತ್ತು. ಬಾಯ್ಲರ್ ಅಟೆಂಡಂಟ್ ಪರೀಕ್ಷೆ ಪಾಸಾದ ಪ್ರಮಾಣಪತ್ರ ಇಲ್ಲದವನ ಕೈಗೆ ಅಲ್ಲಿ ಬಾಯ್ಲರ್ ಕೊಡುವಂತಿಲ್ಲ. ಬಾಯ್ಲರನ್ನು ಆಗಾಗ ತಣ್ಣಗೆ ಮಾಡಿ, ಬಾಗಿಲು ಬಿಚ್ಚಿ, ಸರ್ಕಾರದ ತಪಾಸಣೆಗೆ ಒಡ್ಡಬೇಕು. ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಜನ ಸತ್ತರು. ಮರುವರ್ಷ ಬಂಗಾಳದಲ್ಲಿ ಕಾಯ್ದೆ ಬಂತು. ಇಡೀ ದೇಶಕ್ಕೆ ಒಂದೇ ಕಾಯ್ದೆ ಆದದ್ದು 1923ರಲ್ಲಿ, ಈಗ ಅದರ ಜಾಗಕ್ಕೆ 2025ರ ಹೊಸ ಬಾಯ್ಲರ್ ಕಾಯ್ದೆ ಬಂದಿದೆ. ಆದರೆ 25 ಲೀಟರಿಗಿಂತ ಸಣ್ಣದು, ಇಲ್ಲವೆ ನೀರನ್ನು 100 ಡಿಗ್ರಿಗಿಂತ ಕೆಳಗೇ ಕಾಯಿಸುವಂಥದ್ದು ಆ ಕಾಯ್ದೆಯ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ನಿನ್ನ ಬಚ್ಚಲಿಗೆ ಯಾವ ಇನ್‌ಸ್ಪೆಕ್ಟರನೂ ಬರುವುದಿಲ್ಲ. ಆ ಕೆಲಸ ನಿನ್ನ ಪಾಲಿನದು.

ಬಂಬ ಹೋಗುವುದಕ್ಕೆ ನನಗೆ ದುಃಖವಿಲ್ಲ. ನಡುವಿನ ಕೊಳವೆಯಲ್ಲಿ ಬೆಂಕಿ, ಸುತ್ತ ನೀರು, ಮೇಲೆ ಬರೇ ಮುಚ್ಚಳ. ಒತ್ತಡ ಕಟ್ಟುವುದಿಲ್ಲ, ಆದ್ದರಿಂದ ಸಿಡಿಯುವ ಮಾತಿಲ್ಲ. ಆದರೆ ಆ ಹೊಗೆಯಲ್ಲಿ ವೈನಿಯ ಕಣ್ಣು, ಎದೆ ಎರಡೂ ಸುಟ್ಟಿವೆ. ಅವರು ಚಿಪ್ಪು, ಕಟ್ಟಿಗೆ ಇಟ್ಟು ಊದುವಾಗ ಹಿಂದಿನ ಬಾಗಿಲು ಸದಾ ತೆರೆದಿರುತ್ತಿತ್ತು ಅನ್ನುವುದನ್ನು ಮಾತ್ರ ನೆನಪಿಡು. ಹೊಸ ಮನೆಯಲ್ಲಿ ಆ ಬಾಗಿಲು ಇಲ್ಲ. 2024ರ ಜನವರಿ 19ರಂದು ಪ್ರಧಾನಿ ಬಂದು ಕುಂಭಾರಿಯ ರಾಯನಗರದಲ್ಲಿ 15 ಸಾವಿರ ಮನೆ ಒಪ್ಪಿಸಿದಾಗ ನಾವೆಲ್ಲ ಹಿಗ್ಗಿದೆವು. ಬೀಡಿ ಕಟ್ಟುವವರಿಗೆ, ಮಗ್ಗದವರಿಗೆ, ಚಿಂದಿ ಆಯುವವರಿಗೆ ಸ್ವಂತ ಸೂರು ಅಂದರೆ ಸಣ್ಣ ಮಾತಲ್ಲ. ಸಣ್ಣ ಮನೆಯ ಬಚ್ಚಲೂ ಸಣ್ಣದು. ಬಾಗಿಲು ಹಾಕಿದರೆ ಒಂದು ಪೆಟ್ಟಿಗೆ. ಚಳಿಗಾಲದಲ್ಲಿ ಗಾಳಿ ಬರುತ್ತದೆ ಅಂತ ಇರುವ ಒಂದು ಕಿಂಡಿಗೂ ರಟ್ಟು ತುರುಕುವವರಿದ್ದಾರೆ.

ಆ ಪೆಟ್ಟಿಗೆಯೊಳಗೆ ಗ್ಯಾಸ್ ಗೀಜರ್ ಹಚ್ಚಿದರೆ ಏನಾಗುತ್ತದೆ ಕೇಳು. ಉರಿ ಮೊದಲು ಒಳಗಿನ ಆಮ್ಲಜನಕ ತಿನ್ನುತ್ತದೆ. ಅದು ಕಮ್ಮಿಯಾದಂತೆ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣಿಗೆ ಉರಿಯೂ ಇಲ್ಲ. ಸಿಲಿಂಡರಿನ ಗ್ಯಾಸ್ ಸೋರಿದರೆ ಮೂಗಿಗೆ ಬಡಿಯುತ್ತದೆ, ಯಾಕೆಂದರೆ ಅದಕ್ಕೆ ಬೇಕೆಂದೇ ವಾಸನೆ ಕೂಡಿಸಿರುತ್ತಾರೆ; ಇದಕ್ಕೆ ಅಂಥ ಉಪಕಾರ ಯಾರೂ ಮಾಡಿಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆ ಭಾರ, ಕಾಲಲ್ಲಿ ಬಲವಿಲ್ಲ. ಕೂಗಬೇಕು ಅನ್ನಿಸುವ ಹೊತ್ತಿಗೆ ಚಿಲಕ ತೆಗೆಯುವ ಶಕ್ತಿಯೂ ಇರುವುದಿಲ್ಲ. ಹೊರಗಿನವರಿಗೆ ನೀರು ಬೀಳುವ ಸದ್ದು ಕೇಳುತ್ತಲೇ ಇರುತ್ತದೆ, ಒಳಗಿನವನು ಜಳಕ ಮಾಡುತ್ತಿದ್ದಾನೆ ಅಂತಲೇ ತಿಳಿಯುತ್ತಾರೆ.

ಆದ್ದರಿಂದ ಗ್ಯಾಸ್ ಗೀಜರೇ ಬೇಕು ಅಂದರೆ ಅದು ಬಚ್ಚಲ ಹೊರಗೆ, ಗಾಳಿಯಾಡುವ ಗೋಡೆಯ ಮೇಲೆ ಇರಲಿ. ಒಳಗೆ ಬಿಸಿನೀರಿನ ಪೈಪ್ ಮಾತ್ರ ಬರಲಿ. ಸಿಲಿಂಡರೂ ಹೊರಗೇ ಇರಲಿ. ‘ಎಕ್ಸಾಸ್ಟ್ ಫ್ಯಾನ್ ಹಾಕಿಕೊಡುತ್ತೇನೆ, ಒಳಗೇ ಇಡೋಣ’ ಅನ್ನುವ ಮಿಸ್ತ್ರಿಯನ್ನು ಚಹಾ ಕುಡಿಸಿ ವಾಪಸು ಕಳಿಸು; ಕರೆಂಟು ಹೋದ ಹೊತ್ತಿಗೆ ಆ ಫ್ಯಾನ್ ತಿರುಗುವುದಿಲ್ಲ, ಉರಿ ಉರಿಯುತ್ತಲೇ ಇರುತ್ತದೆ. ಉರಿ ನೀಲಿ ಬಿಟ್ಟು ಹಳದಿಯಾದರೆ ಅವತ್ತೇ ಬಂದ್ ಮಾಡು. ಯಾರಾದರೂ ಒಳಗೆ ಬಿದ್ದದ್ದು ಕಂಡರೆ ಮೊದಲು ಬಾಗಿಲು ಒಡೆದು, ಗ್ಯಾಸ್ ಬಂದ್ ಮಾಡಿ, ಅವರನ್ನು ಬಯಲ ಗಾಳಿಗೆ ಎಳೆದುಕೊಂಡು ಬಂದು 108ಕ್ಕೆ ಫೋನ್ ಹಚ್ಚು. ಆಸ್ಪತ್ರೆಯಲ್ಲಿ ‘ಬಚ್ಚಲಲ್ಲಿ ಗ್ಯಾಸ್ ಗೀಜರ್ ಉರಿಯುತ್ತಿತ್ತು’ ಅಂತ ಬಾಯಿಬಿಟ್ಟು ಹೇಳಲೇಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷದಲ್ಲೂ ಎಲ್ಲ ಸರಿ ಇದ್ದಂತೆ ಅಂಕಿ ತೋರಿಸಿಬಿಡುತ್ತದೆ.

ನನ್ನ ಮನಸ್ಸು ಕೇಳಿದರೆ, ನಿನಗೆ 15 ಲೀಟರಿನ ಕರೆಂಟಿನ ಗೀಜರ್ ಸಾಕು. ಅಷ್ಟು ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು 2 ಕಿಲೋವ್ಯಾಟ್ ಗೀಜರಿಗೆ ಇಪ್ಪತ್ತು ನಿಮಿಷದ ಆಸುಪಾಸು, ಮುಕ್ಕಾಲು ಯುನಿಟ್ಟಿನೊಳಗೆ ಕೆಲಸ. ಐಎಸ್‌ಐ ಗುರುತು ನೋಡಿ ತೆಗೆದುಕೋ. ಬಕೆಟಿನೊಳಗೆ ಇಳಿಬಿಡುವ ಹೀಟರ್ ರಾಡಿನ ಗೊಡವೆ ಬೇಡ. ಸ್ವಿಚ್ ತೆಗೆಯುವ ಮೊದಲು ನೀರು ಬಿಸಿಯಾಗಿದೆಯೋ ನೋಡಲು ಬೆರಳು ಅದ್ದಿದವರ ಸುದ್ದಿ ನಾವು ಬೇಕಾದಷ್ಟು ಕೇಳಿದ್ದೇವೆ.

ಕೂಡಿಸುವಾಗ ನೀನು ಎದುರಿಗೇ ನಿಲ್ಲು. ಗೀಜರಿನ ತಣ್ಣೀರಿನ ಬಾಯಿಗೆ ಒಂದು ಸಣ್ಣ ಸೇಫ್ಟಿ ವಾಲ್ವ್ ಬರುತ್ತದೆ. ನೀರು ಕಾದಾಗ ಹಿಗ್ಗುತ್ತದೆ. 15 ಲೀಟರಿಗೆ ಒಂದು ಲೋಟದಷ್ಟು ಹೆಚ್ಚು. ಆ ಹೆಚ್ಚಳ ಹೋಗಲು ದಾರಿ ಬೇಕು, ಅದಕ್ಕೇ ವಾಲ್ವ್ ಒಮ್ಮೊಮ್ಮೆ ತೊಟ್ಟಿಕ್ಕುತ್ತದೆ. ‘ಸೋರುತ್ತಿದೆ’ ಅಂತ ಅದರ ಬಾಯಿಗೆ ಎಂ-ಸೀಲ್ ಮೆತ್ತುವ, ಇಲ್ಲವೆ ಮುಚ್ಚಳ ತಿರುಗಿಸಿ ಬಿಗಿಯುವ ಪ್ಲಂಬರರು ಊರ ತುಂಬ ಇದ್ದಾರೆ. ಥರ್ಮೋಸ್ಟಾಟ್ ಕೆಟ್ಟ ದಿನ ನೀರು ನೂರು ದಾಟುತ್ತದೆ, ಒಂದು ಲೀಟರ್ ನೀರು ಉಗಿಯಾದರೆ ಸುಮಾರು 1,600 ಲೀಟರ್ ಜಾಗ ಕೇಳುತ್ತದೆ. ಖಾನೆಯ ಬಾಯ್ಲರಿಗೆ ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ ಎರಡು ಸೇಫ್ಟಿ ವಾಲ್ವ್ ಹಾಕಿರುತ್ತಾರೆ. ನಿನ್ನ ಗೀಜರಿಗೆ ಇರುವುದು ಒಂದೇ. ಅದರ ಬಾಯಿಗೆ ಪೈಪ್ ಹಚ್ಚಿ ಮೋರಿಗೆ ಬಿಡು. ಮುಚ್ಚುವ ಮಾತು ಯಾರು ಎತ್ತಿದರೂ ಕೇಳಬೇಡ. ಹಳೇ ಗೀಜರ್ ಬದಲಿಸಿದಾಗಲೂ ಹಳೇ ವಾಲ್ವ್, ಹಳೇ ಪೈಪ್ ಉಳಿಸಿ ನೂರಿನ್ನೂರು ರೂಪಾಯಿ ಗಳಿಸುವ ಆಸೆ ಬೇಡ.

ನಮ್ಮೂರಿಗೆ ಇನ್ನೊಂದು ಸಂಕಟ ಇದೆ. ಉಜನಿ ಆಣೆಕಟ್ಟಿನ ನೀರು ದಿನಾ ಬರುವುದಿಲ್ಲ, ನಡುನಡುವೆ ಬೋರ್ ನೀರೇ ಗತಿ. ಬೋರ್ ನೀರಿನ ಸುಣ್ಣ ಕಾಯಿಸುವ ಸುರುಳಿಗೆ ಕಲ್ಲಿನಂತೆ ಕಟ್ಟುತ್ತದೆ. ಒಳಗಿನ ಮೆಗ್ನೀಸಿಯಂ ರಾಡ್ ತಾನು ಸವೆದು ಟಾಕಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ಎರಡನ್ನೂ ನೋಡಿಸು. ಮೇಲಿನ ಟಾಕಿ ಖಾಲಿ ಇದ್ದಾಗ ಸ್ವಿಚ್ ಹಾಕಿದರೆ ಗೀಜರ್ ಒಣಗಿ ಸುಡುತ್ತದೆ. ಬಿಸಿನೀರಿನ ನಲ್ಲಿ ತಿರುಗಿಸಿ, ನೀರು ಒಂದೇ ಧಾರೆಯಾಗಿ ಬಂದ ಮೇಲೆಯೇ ಸ್ವಿಚ್ ಹಾಕುವುದನ್ನು ಮನೆಗೆ ಬರುವ ಹುಡುಗಿಗೂ ಮೊದಲ ದಿನವೇ ತೋರಿಸು.

ವಾಯರಿಂಗಿನಲ್ಲಿ ಚೌಕಾಸಿ ಬೇಡ. ಗೀಜರಿಗೆ ಬೋರ್ಡಿನಿಂದಲೇ ಬೇರೆ ತಂತಿ, ಬೇರೆ 16 ಆಂಪಿಯರ್ ಎಂಸಿಬಿ, ಸರಿಯಾದ ಅರ್ಥಿಂಗ್, ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸು. ಎಂಸಿಬಿ ಕಾಯುವುದು ತಂತಿಯನ್ನು, ಆರ್‌ಸಿಸಿಬಿ ಕಾಯುವುದು ಒದ್ದೆ ಮೈಯ ಮನುಷ್ಯನನ್ನು. 2025ರ ಮೇ 18ರ ನಸುಕಿನಲ್ಲಿ ನಮ್ಮ ಇದೇ ಎಂಐಡಿಸಿಯ ಟವೆಲ್ ಖಾನೆಗೆ ಬೆಂಕಿ ಬಿದ್ದು, ಮಾಲೀಕರು, ಅವರ ಮನೆಯವರು, ಕೆಲಸಗಾರರು ಸೇರಿ ಎಂಟು ಜನ ಹೋದರು. ಒಂದು ಎಳೆಗೂಸೂ ಇತ್ತು. ಶಾರ್ಟ್ ಸರ್ಕ್ಯೂಟ್ ಇರಬಹುದು ಅಂತ ಮೊದಲ ಶಂಕೆ ಇತ್ತು. ಅದರ ಮೇಲೆ ನಾನು ಹೆಚ್ಚು ಮಾತಾಡಲಾರೆ. ಮೇನ್ ಸ್ವಿಚ್ ಎಲ್ಲಿದೆ, ಕತ್ತಲಲ್ಲಿ ಹೊರಗೆ ಹೋಗುವ ದಾರಿ ಯಾವುದು ಅನ್ನುವುದು ಮನೆಯಲ್ಲೂ ನೀನು ದುಡಿಯುವ ಖಾನೆಯಲ್ಲೂ ನಿನಗೆ ಗೊತ್ತಿರಲಿ.

ಈಗ ಕಣ್ಣಿನ ಮಾತು. ನಾನು ಡಾಕ್ಟರ್ ಅಲ್ಲ. ಆದರೆ ರಾತ್ರಿಪಾಳಿ ಮಾಡಿದವರ ಮುಖ ಇಡೀ ಜೀವಮಾನ ನೋಡಿದ್ದೇನೆ, ಡಾಕ್ಟರರನ್ನು ಕೇಳಿ ತಿಳಿದದ್ದೂ ಇದೆ. ಮೊದಲು ನಿನಗೆ ಆಗಿರುವುದು ಏನು ಅಂತ ನೋಡಿಕೋ. ಕಿಟಕಿಗೆ ಎದುರಾಗಿ ನಿಂತು, ಬೆಳಕು ನೇರ ಮುಖಕ್ಕೆ ಬೀಳುವಂತೆ ಕನ್ನಡಿ ಹಿಡಿ. ಕಪ್ಪು ಮಾಯವಾದರೆ ಅದು ಕುಳಿಯ ನೆರಳು. ಹಾಗೇ ಉಳಿದರೆ ಚರ್ಮದ ಬಣ್ಣ. ಎರಡಕ್ಕೂ ಔಷಧ ಬೇರೆ. ಕುಳಿ ಅನ್ನುವುದು ಬಹಳ ಸಲ ವಂಶದ್ದು; ನಿಮ್ಮಪ್ಪನ ಲಗ್ನದ ಫೋಟೋ ತೆಗೆದು ನೋಡು, ಅದೇ ಕಣ್ಣು. ಮೂಳೆಯ ಆಕಾರ, ಅದರ ಮೇಲಿನ ಕೊಬ್ಬಿನ ಪದರ ಸವೆದದ್ದು, ತೂಕ ಇಳಿದದ್ದು ಇವುಗಳಿಂದ ಬೀಳುವ ಕುಳಿಯನ್ನು ಯಾವ ಕ್ರೀಮೂ ತುಂಬಲಾರದು. ಡಬ್ಬಿಯ ಮೇಲೆ ಏನೇ ಬರೆದಿರಲಿ.

ನಿನ್ನ ಕಣ್ಣು ಮೊನ್ನೆ ಹೆಚ್ಚು ಇಳಿದಂತೆ ಕಂಡದ್ದಕ್ಕೆ ಬೇರೆ ಕಾರಣಗಳೂ ಇದ್ದಾವು. ಟವೆಲ್ ಖಾನೆಯಲ್ಲಿ ಹತ್ತಿಯ ಎಳೆ ಗಾಳಿಯಲ್ಲಿ ತೇಲುತ್ತದೆ, ಕಣ್ಣು ಕಡಿಯುತ್ತದೆ, ನೀನು ಪಾಳಿಯುದ್ದಕ್ಕೂ ಉಜ್ಜುತ್ತೀ. ಕಣ್ಣ ಸುತ್ತಲಿನ ಚರ್ಮ ಮೈಯಲ್ಲೇ ತೀರ ತೆಳು, ಉಜ್ಜಿದಷ್ಟೂ ಕಪ್ಪಾಗುತ್ತದೆ. ಸೊಲ್ಲಾಪುರದ ಬೇಸಿಗೆಯಲ್ಲಿ ಬೆವರು ಹರಿಸಿ ಚಹಾ, ತಂಬಾಕಿನ ಮಾವಾ ಎರಡರ ಮೇಲೇ ರಾತ್ರಿ ತಳ್ಳಿದರೆ ಮೈಯ ನೀರು ಆರಿ ಕಣ್ಣು ಒಳಗೆ ಸೇರುತ್ತದೆ. ಭೇದಿ ಹತ್ತಿದ ಕೂಸಿನ ಕಣ್ಣು ಗುಳಿಬಿದ್ದರೆ ತಡಮಾಡದೆ ಓಆರ್‌ಎಸ್ ಕುಡಿಸುತ್ತ ಡಾಕ್ಟರರ ಹತ್ತಿರ ಓಡಬೇಕು ಅನ್ನುವುದೂ ಇದಕ್ಕೇ. ನಾಳೆ ನಿನಗೆ ಮಕ್ಕಳಾದಾಗ ಬೇಕಾಗುತ್ತದೆ. ರಕ್ತ ಕಮ್ಮಿ ಇದ್ದರೂ ಮುಖ ಬಿಳಿಚಿ ಕಣ್ಣ ಕೆಳಗೆ ಕಪ್ಪು ಎದ್ದು ಕಾಣುತ್ತದೆ. ಆದ್ದರಿಂದ ಸೂಜಿಗೆ ಕೊಡುವ ರೊಕ್ಕದಲ್ಲಿ ಮೊದಲು ಒಂದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸು. ತೂಕ ಸುಮ್ಮಸುಮ್ಮನೆ ಇಳಿಯುತ್ತಿದ್ದರೆ ಅದನ್ನೂ ಡಾಕ್ಟರರಿಗೆ ಹೇಳು.

ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಬೆಳ್ಳಗಾಗುವ ಮುಲಾಮು ಮುಟ್ಟಬೇಡ. ಬಹಳಷ್ಟರಲ್ಲಿ ಸ್ಟೀರಾಯ್ಡ್ ಇರುತ್ತದೆ. ನಾಲ್ಕು ದಿನ ಹೊಳಪು, ಆಮೇಲೆ ಚರ್ಮ ಹಾಳೆಯಂತೆ ತೆಳು. ಕಣ್ಣಿನ ಹತ್ತಿರ ಹಚ್ಚುತ್ತ ಹೋದರೆ ಕಣ್ಣೊಳಗಿನ ಒತ್ತಡ ಏರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಲೇಬಲ್ಲೇ ಇಲ್ಲದ ಡಬ್ಬಿಗಳಲ್ಲಿ ಪಾದರಸ ಇರುವುದುಂಟು. 2023ರಲ್ಲಿ ಕೇರಳದ ಮಲಪ್ಪುರಂನಲ್ಲಿ ಅಂಥ ಕ್ರೀಮ್ ಹಚ್ಚಿಕೊಂಡವರ ಮೂತ್ರಪಿಂಡ ಕೆಟ್ಟದ್ದು ಬಯಲಾಯಿತು.

ಇಷ್ಟಾಗಿಯೂ ಕುಳಿ ತುಂಬಿಸಿಕೊಳ್ಳಲೇಬೇಕು ಅಂದರೆ, ಅದು ನಾಚುವ ಮಾತಲ್ಲ. ಗಂಡುಹುಡುಗನಿಗೆ ಮುಖದ ಚಿಂತೆ ಯಾಕೆ ಅನ್ನುವವರ ಮಾತು ಬಿಡು. ಹಯಲುರಾನಿಕ್ ಆಮ್ಲದ ಜೆಲ್ ತುಂಬುತ್ತಾರೆ, ಕಾಲಾಂತರದಲ್ಲಿ ಅದು ಕರಗುತ್ತದೆ, ಮತ್ತೆ ಹಾಕಿಸಬೇಕು. ಅಪಾಯ ಇರುವುದು ಜೆಲ್ಲಿನಲ್ಲಿ ಅಲ್ಲ, ಸೂಜಿಯ ತುದಿ ಎಲ್ಲಿದೆ ಅನ್ನುವುದರಲ್ಲಿ. ಆ ಜಾಗದ ರಕ್ತನಾಳಗಳಿಗೂ ಕಣ್ಣಿಗೆ ಹೋಗುವ ನಾಳಗಳಿಗೂ ಸಂಬಂಧ ಇದೆ. ಜೆಲ್ ನಾಳದೊಳಗೆ ಹೊಕ್ಕರೆ ಚರ್ಮ ಸಾಯಬಹುದು, ದೃಷ್ಟಿಯೇ ಹೋಗಬಹುದು, ಹೋದದ್ದು ಮರಳುವುದು ಅಪರೂಪ. ಇದನ್ನು ಪಾರ್ಲರಿನ ಕುರ್ಚಿಯಲ್ಲಿ ಮಾಡಿಸುವುದೆಂದರೆ ಪ್ರಮಾಣಪತ್ರ ಇಲ್ಲದವನ ಕೈಗೆ ಬಾಯ್ಲರ್ ಕೊಟ್ಟಂತೆ. ಚರ್ಮದ ಡಾಕ್ಟರ್ ಇಲ್ಲವೆ ಪ್ಲಾಸ್ಟಿಕ್ ಸರ್ಜನ್ನೇ ಮಾಡಬೇಕು. ಅವರ ಪದವಿ, ನೋಂದಣಿ ಕೇಳು. ಒಳ್ಳೆಯ ಡಾಕ್ಟರ್ ಸಿಟ್ಟಾಗುವುದಿಲ್ಲ. ಜೆಲ್ ಕರಗಿಸುವ ಹಯಲುರಾನಿಡೇಸ್ ಚುಚ್ಚುಮದ್ದು ಕೈಯಳತೆಯಲ್ಲಿ ಇದೆಯೇ ಅಂತ ಕೇಳು. ಸೀಲಾದ ಡಬ್ಬಿ ನಿನ್ನ ಎದುರೇ ಒಡೆಯಲಿ, ಬ್ಯಾಚ್ ನಂಬರಿನ ಚೀಟಿ ನಿನ್ನ ಕಿಸೆಗೆ ಬರಲಿ. ಚುಚ್ಚಿದ ಮೇಲೆ ವಿಪರೀತ ನೋವು, ಚರ್ಮ ಬೆಳ್ಳಗಾಗುವುದು, ಕಣ್ಣು ಮಂಜಾಗುವುದು ಕಂಡರೆ ಬೆಳಗಾಗುವವರೆಗೆ ಕಾಯಬೇಡ, ಆ ಕ್ಷಣವೇ ಹೋಗು.

ಮೊದಲು ಸಿವಿಲ್ ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ಒಮ್ಮೆ ತೋರಿಸು, ಅಲ್ಲಿ ಮಾರಾಟದ ಅವಸರ ಇಲ್ಲ. ಅವರು ಹಾಕಿಸಬಹುದು ಅಂದರೂ ಲಗ್ನದ ಹಿಂದಿನ ವಾರ ಬೇಡ. ಬಾವು, ನೀಲಿ ಕಲೆ ಇಳಿಯಲು ಎರಡು ವಾರ ಹಿಡಿಯಬಹುದು, ಅರಿಸಿನ ಹಚ್ಚುವ ದಿನ ಊದಿದ ಕಣ್ಣಲ್ಲಿ ಕೂಡಬೇಕಾದೀತು. ಅಲ್ಲಿಯ ತನಕ ಪಾಳಿಯಲ್ಲಿ ಕಣ್ಣಿಗೆ ಕನ್ನಡಕ ಹಾಕಿಕೋ, ಕಡಿದರೆ ಉಜ್ಜದೆ ತಣ್ಣೀರು ಹಾಕು, ನೀರಿನ ಬಾಟಲಿ ಮಗ್ಗದ ಹತ್ತಿರವೇ ಇಟ್ಟುಕೋ. ಮಾವಾ ಬಿಡು ಅಂತ ಎಷ್ಟು ಸಲ ಹೇಳಲಿ. ಬೆಳಿಗ್ಗೆ ಮನೆಗೆ ಬಂದವನು ಕಿಟಕಿಗೆ ದಪ್ಪನೆಯ ಚಾದರ ಕಟ್ಟಿ ಮಲಗು; ನಮ್ಮೂರಲ್ಲಿ ಅದಕ್ಕೇನು ಕೊರತೆ? ಮೊಬೈಲ್ ವೈನಿಯ ಕೈಗೆ ಕೊಟ್ಟು ಮಲಗು. ಗೀಜರ್ ಕೂಡಿಸುವ ದಿನ ನನಗೆ ಒಂದು ಫೋನ್ ಮಾಡು, ಪಾನಾ ಹಿಡಿಯಲಿಕ್ಕಲ್ಲ, ವಾಯರಮನ್ನನ ಲೈಸನ್ಸ್ ನೋಡಲಿಕ್ಕೆ ಬರುತ್ತೇನೆ.