ಊಡು ಇಳಿಯುವ ಮೊದಲೇ ಜಿಪ್ಸಂ ಹಾಕು

ತಮ್ಮಾ, ಪುನರ್ವಸು ಮಳೆಗೆ ಬಿತ್ತಿದ ನಿನ್ನ ಶೇಂಗಾ ಆಗಲೇ ಹೂವಿಗೆ ಬಂದಿದೆ, ಜಿಪ್ಸಂ ಚೀಲ ನೋಡಿದರೆ ಇನ್ನೂ ಕೊಟ್ಟಿಗೆಯಲ್ಲೇ ಇದೆ. ಬೇರು ಎಳೆದುಕೊಂಡದ್ದೆಲ್ಲ ಕಾಯಿಗೂ ಹೋಗುತ್ತದೆ ಅಂತ ನೀನು ನಂಬಿದ್ದೀಯ. ಜಿಪ್ಸಂ ಕೊಡುವ ಸುಣ್ಣದಂಶದ ಮಟ್ಟಿಗೆ ಹಾಗಾಗುವುದಿಲ್ಲ.

ಗಿಡದೊಳಗೆ ಎರಡು ದಾರಿಗಳಿವೆ. ನೀರಿನ ದಾರಿ ಕ್ಸೈಲಂ, ಸತ್ತ ಜೀವಕೋಶಗಳ ಟೊಳ್ಳು ಕೊಳವೆ. ಎಲೆಯಿಂದ ನೀರು ಆವಿಯಾದಷ್ಟೂ ಬುಡದ ನೀರನ್ನು ಮೇಲಕ್ಕೆ ಸೆಳೆಯುತ್ತದೆ. ಮಣ್ಣಿನ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಅದರ ಜೊತೆಗೇ ಏರುತ್ತದೆ. ಸಕ್ಕರೆಯ ದಾರಿ ಫ್ಲೋಯಂ, ಇದು ಜೀವಂತ ಕೋಶಗಳ ಸಾಲು. ಎಲೆ ತಾನು ಮಾಡಿದ ಸಕ್ಕರೆಯನ್ನು ಅದರೊಳಗೆ ತುಂಬಿದಾಗ ಹಿಂದೆಯೇ ನೀರೂ ನುಗ್ಗಿ ಒತ್ತಡ ಹುಟ್ಟುತ್ತದೆ. ಆ ಒತ್ತಡಕ್ಕೆ ಸಕ್ಕರೆ ನೀರು ಬೇರಿಗೂ ಕಾಯಿಗೂ ಹರಿಯುತ್ತದೆ. ಈ ದಾರಿಯಲ್ಲಿ ಸುಣ್ಣದಂಶ ಹೆಚ್ಚುಕಡಿಮೆ ಸಾಗುವುದೇ ಇಲ್ಲ; ಎಲೆ ಸೇರಿದ್ದು ಎಲೆಯಲ್ಲೇ ಉಳಿದುಬಿಡುತ್ತದೆ.

ತೊಗರಿ, ಅವರೆಯ ಕಾಯಿ ಗಾಳಿಯಲ್ಲಿರುತ್ತದೆ, ಅಷ್ಟಿಷ್ಟು ಆವಿ ಬಿಟ್ಟು ತನ್ನ ಪಾಲನ್ನು ಸೆಳೆದುಕೊಳ್ಳುತ್ತದೆ. ಶೇಂಗಾ ಹಾಗಲ್ಲ. ಹೂ ಬಾಡಿದ ಮೇಲೆ ನಸುನೇರಳೆ ಮೊನೆಯೊಂದು ಬಾಗಿ ನೆಲಕ್ಕೆ ಚುಚ್ಚುತ್ತದಲ್ಲ, ಆ ಊಡಿನ ತುದಿಯೇ ಮಣ್ಣೊಳಗೆ ಕಾಯಾಗುವುದು. ಅಲ್ಲಿ ಆವಿಯೆಲ್ಲಿ ಬರಬೇಕು? ಸಕ್ಕರೆಯೇನೋ ಎಲೆಯಿಂದ ಇಳಿದು ಬರುತ್ತದೆ, ಸುಣ್ಣದಂಶವನ್ನು ಮಾತ್ರ ಕಾಯಿ ಸುತ್ತಲಿನ ಮಣ್ಣಿನಿಂದ ಸಿಪ್ಪೆಯ ಮೂಲಕವೇ ಹೀರಿಕೊಳ್ಳಬೇಕು. ಸಿಗದಿದ್ದರೆ ಗಿಡ ಹಚ್ಚಗೇ ಇದ್ದು ಕಾಯಿ ಜೊಳ್ಳಾಗುತ್ತದೆ. ಚಳ್ಳಕೆರೆ ಮಂಡಿಯಲ್ಲಿ ವ್ಯಾಪಾರಿ ಒಂದು ಹಿಡಿ ಸುಲಿದು ನೋಡುವಾಗ ತಿಳಿದರೆ ಏನು ಬಂತು?

ಎಕರೆಗೆ 200 ಕೆ.ಜಿ. ಜಿಪ್ಸಂ ಸಾಲಿನ ಪಕ್ಕ ಬುಡಕ್ಕೆ ಹಾಕಿ, ಮಣ್ಣು ಏರಿಸು. ಇಲ್ಲಾಗಲಿ ಮೊಳಕಾಲ್ಮುರಿನಲ್ಲಾಗಲಿ ವರ್ಷದ ಮಳೆಯೇ 500 ಮಿ.ಮೀ. ಆಸುಪಾಸು. ಆಳದ ತೇವ ಬೇರಿಗೆ ಸಾಕಾದೀತು, ಜಿಪ್ಸಂ ಕರಗಿ ಕಾಯಿಗೆ ಸಿಗಲು ಮೇಲ್ಮಣ್ಣೇ ಹಸಿಯಿರಬೇಕು. ಹದ ಆರುವುದರೊಳಗೆ ಮುಗಿಸು. ಊಡು ನೆಲ ಸೇರಿದ ಮೇಲೆ ಕುಂಟೆ ಹೊಡೆಯಬೇಡ, ಮುರಿದ ಊಡು ಮತ್ತೆ ಕೂಡುವುದಿಲ್ಲ. ಎಲೆಚುಕ್ಕೆ ರೋಗದ ಮೇಲೂ ಕಣ್ಣಿಟ್ಟಿರು, ಎಲೆ ಉದುರಿದರೆ ಕಾಳು ತುಂಬಲು ಸಕ್ಕರೆ ಇರುವುದಿಲ್ಲ. ಬಿತ್ತನೆ ಕಾಯನ್ನು ಜಿಪ್ಸಂ ಬಿದ್ದ ಸಾಲಿನಿಂದಲೇ ಎತ್ತಿಡು. ಸುಣ್ಣದಂಶ ಸಾಲದ ಬೀಜ ಕಣ್ಣಿಗೆ ದುಂಡಗೆ ಕಂಡರೂ ಮೊಳಕೆಯಲ್ಲಿ ಕೈಕೊಡುತ್ತದೆ.