‘ನಾಳೆಯಿಂದ ಬರಬೇಡ’ ಎಂದರೆ ಏನು ಮಾಡಬೇಕು

ತಮ್ಮಾ, ಪಟ್ಟಣ ಪಂಚಾಯಿತಿಯವರು ನಿನ್ನನ್ನು ಕೆಲಸದಿಂದ ಬಿಡಿಸಿದ್ದಾರೆಂದು ಕೇಳಿ ಸಂಕಟವಾಯಿತು. ಆರು ವರ್ಷ ಊರಿಗೆ ನೀರು ಬಿಟ್ಟವನು ನೀನು. ನಸುಕಿನಲ್ಲೇ ಎದ್ದು ಪಂಪ್‌ಹೌಸಿನ ಬೀಗ ತೆಗೆದವನು, ಪೈಪ್ ಒಡೆದರೆ ರಾತ್ರಿಯಲ್ಲೂ ಕೆಸರಿಗಿಳಿದವನು. ಅಂಥವನನ್ನು ಕಚೇರಿಯ ಮೆಟ್ಟಿಲ ಮೇಲೆ ನಿಲ್ಲಿಸಿ, ಒಂದು ಚೀಟಿಯೂ ಕೊಡದೆ, ‘ನಾಳೆಯಿಂದ ಬರಬೇಡ’ ಅಂದುಬಿಟ್ಟರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಆ ಮಾತನ್ನು ಬಾಯಲ್ಲೇ ಯಾಕೆ ಹೇಳಿದರು ಅನ್ನುವುದನ್ನು ಮೊದಲು ತಿಳಿದುಕೋ.

ನೀನು ಕೇಸು ಹಾಕಿದ ಮೇಲೆ ಪಂಚಾಯಿತಿಯ ಕಡೆಯಿಂದ ಬರುವ ತಕರಾರು ಬಹುಪಾಲು ಒಂದೇ: ‘ನಾವು ಇವರನ್ನು ತೆಗೆದೇ ಇಲ್ಲ, ಇವರೇ ಬರುವುದನ್ನು ಬಿಟ್ಟರು.’ ಆದೇಶವೇ ಇಲ್ಲದಿದ್ದರೆ ನೀನು ಯಾವುದನ್ನು ತೋರಿಸುತ್ತೀಯ? ಅದಕ್ಕೇ ಹೇಳುತ್ತೇನೆ, ವಕೀಲರ ಮನೆಗೆ ಹೋಗುವುದಕ್ಕೂ ಮುಂಚೆ ಒಂದು ಅರ್ಜಿ ಬರೆ. ಮುಖ್ಯಾಧಿಕಾರಿಗಳ ಹೆಸರಿಗೆ ನಾಲ್ಕು ಸಾಲು ಸಾಕು. ಇಂಥ ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಇಂಥ ತಾರೀಖಿನಿಂದ ನನಗೆ ಮೌಖಿಕವಾಗಿ ಕೆಲಸ ನಿರಾಕರಿಸಿದ್ದೀರಿ, ಕೆಲಸ ಮಾಡಲು ನಾನು ಈಗಲೂ ಸಿದ್ಧನಿದ್ದೇನೆ, ಕೆಲಸ ಕೊಡಿ ಇಲ್ಲವೇ ತೆಗೆದ ಕಾರಣವನ್ನು ಲಿಖಿತವಾಗಿ ತಿಳಿಸಿ. ಇಷ್ಟೇ. ಅಧ್ಯಕ್ಷರು ಯಾರ ಮಾತು ಕೇಳಿದರು, ಯಾವ ಜಾತಿಯವರನ್ನು ತಂದು ಕೂರಿಸಿದರು ಎಂಬ ಸಿಟ್ಟಿನ ಮಾತು ಅದರಲ್ಲಿ ಬೇಡ. ಎರಡು ಪ್ರತಿ ಮಾಡು. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿನ್ನ ಪ್ರತಿಯ ಮೇಲೆ ತಾರೀಖು ಸಮೇತ ಸೀಲು ಹಾಕಿಸಿಕೋ. ತೆಗೆದುಕೊಳ್ಳುವುದಿಲ್ಲ ಅಂದರೆ ಜಗಳ ಬೇಡ, ನೇರ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ಜೋಪಾನವಾಗಿಡು. ಇನ್ನೊಂದು ಪ್ರತಿ ಜಿಲ್ಲಾಧಿಕಾರಿ ಕಚೇರಿಯ ನಗರಾಭಿವೃದ್ಧಿ ಕೋಶಕ್ಕೂ ಹೋಗಲಿ.

ಇದಾದ ಮೇಲೆ ಕಚೇರಿಯಿಂದ ಕರೆ ಬರಬಹುದು. ‘ಬಾಕಿ ಸಂಬಳ ರೆಡಿ ಇದೆ, ಬಂದು ಸಹಿ ಹಾಕು’ ಅನ್ನುತ್ತಾರೆ. ಸಂಬಳ ನಿನ್ನ ದುಡಿಮೆಯದು, ತೆಗೆದುಕೋ. ಆದರೆ ಆ ಕಾಗದವನ್ನು ಪೂರ್ತಿ ಓದದೆ ಪೆನ್ನು ಮುಟ್ಟಬೇಡ. ‘ಸ್ವಇಚ್ಛೆಯಿಂದ ಕೆಲಸ ಬಿಟ್ಟಿರುತ್ತೇನೆ’ ಎಂಬ ಒಂದು ಸಾಲು ಅದರಲ್ಲಿ ಸೇರಿಕೊಂಡಿದ್ದರೆ ನಿನ್ನ ಕೇಸು ಅಲ್ಲೇ ಮುಗಿಯಿತು. ಖಾಲಿ ಹಾಳೆಗೆ ಸಹಿಯಂತೂ ಬೇಡವೇ ಬೇಡ.

ಇನ್ನು ಪುರಾವೆಯ ಮಾತು. ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದೇನೆಂದು ನೀನೇ ತೋರಿಸಬೇಕು. 2002ರಲ್ಲಿ ನಮ್ಮದೇ ರಾಜ್ಯದ ಅರಣ್ಯ ಇಲಾಖೆಯ ಒಬ್ಬ ದಿನಗೂಲಿ ನೌಕರನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬರೀ ನೌಕರನ ಪ್ರಮಾಣಪತ್ರ ಸಾಲದು ಎಂದಿತು. ಕೆಲವೇ ವರ್ಷಗಳಲ್ಲಿ, ಅದೂ ಕರ್ನಾಟಕದಿಂದಲೇ ಹೋದ ಯಲ್ಲಟ್ಟಿ ಪ್ರಕರಣದಲ್ಲಿ, ನೌಕರ ಸಾಕ್ಷಿಕಟ್ಟೆ ಹತ್ತಿ ಹಾಜರಿ ದಾಖಲೆ ತರಿಸಿ ಎಂದು ಕೇಳಿದ ಮೇಲೂ ಮಾಲೀಕರು ತರದಿದ್ದರೆ ಅದನ್ನು ಅವರ ವಿರುದ್ಧ ಎಣಿಸಲು ದಾರಿಯಿದೆ ಎಂಬ ಮಾತು ಬಂತು. ಹಾಗಾಗಿ ನಿನ್ನ ಕೈಲಿರುವುದನ್ನು ಕೂಡಿಡಬೇಕು, ಅವರ ಕೈಲಿರುವುದನ್ನು ಕೇಳಬೇಕು. ನಿನ್ನ ವಿಷಯದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಪಂಪ್‌ಹೌಸಿನ ಲಾಗ್‌ಬುಕ್ಕು. ಮೋಟಾರ್ ಎಷ್ಟು ಗಂಟೆಗೆ ಶುರುವಾಯಿತು, ಯಾವಾಗ ನಿಂತಿತು ಎಂದು ದಿನಾ ಬರೆದ ಅಕ್ಷರ ನಿನ್ನದು, ಪಕ್ಕದಲ್ಲಿ ಇಂಜಿನಿಯರರ ಸಹಿ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅದರ ದೃಢೀಕೃತ ನಕಲು ಕೇಳು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದದೊಳಗೆ. ಲಾಗ್‌ಬುಕ್ಕಿಗೆ ಒಂದು ಅರ್ಜಿ, ಮಸ್ಟರ್ ರೋಲಿಗೆ ಇನ್ನೊಂದು, ನಿನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡ ಠರಾವಿಗೆ ಮತ್ತೊಂದು. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬ್ಯಾಂಕಿನ ಪಾಸ್‌ಬುಕ್ಕು, ಪಿಎಫ್ ಖಾತೆಯಲ್ಲಿ ತಿಂಗಳು ತಿಂಗಳು ಬಿದ್ದ ಜಮೆ, ‘ಮೂರನೇ ವಾರ್ಡಿಗೆ ನೀರು ಬಿಡು’ ಎಂದು ವಾಟ್ಸ್ಯಾಪ್ ಗ್ರೂಪಿನಲ್ಲಿ ಬಂದ ಸಂದೇಶ, ಯಾವುದನ್ನೂ ಅಳಿಸಬೇಡ. ಸಂಬಳ ಏಜೆನ್ಸಿಯ ಮೂಲಕ ಬರುತ್ತಿತ್ತೇ? ಹಾಗಿದ್ದರೆ ಏಜೆನ್ಸಿ, ಪಂಚಾಯಿತಿ ಎರಡನ್ನೂ ಎದುರುದಾರರನ್ನಾಗಿ ಮಾಡು. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿ ನುಣುಚಿಕೊಳ್ಳುತ್ತಾರೆ.

‘ಪಂಚಾಯಿತಿ ಅಂದರೆ ಸರ್ಕಾರ, ಕಾರ್ಮಿಕ ಕಾನೂನು ಅದಕ್ಕೆಲ್ಲಿ ಹತ್ತುತ್ತದೆ’ ಎಂದು ಹೆದರಿಸುವವರು ಇರುತ್ತಾರೆ. ಬೆಂಗಳೂರು ಜಲಮಂಡಲಿಯೂ ತಾನು ಉದ್ಯಮವಲ್ಲ ಎಂದೇ ವಾದಿಸಿತ್ತು. ದಂಡ ಹಾಕಿ ಹಣ ವಸೂಲಿ ಮಾಡಿದ್ದನ್ನು ಪ್ರಶ್ನಿಸಿದ ನೌಕರರ ಆ ಪ್ರಕರಣದಲ್ಲಿ, 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಸುಪ್ರೀಂ ಕೋರ್ಟಿನ ಏಳು ಮಂದಿಯ ಪೀಠ ಆ ವಾದವನ್ನು ಒಪ್ಪಲಿಲ್ಲ. ನೀರು ಬಿಡುವಂಥ ಕೆಲಸ ಮಾಡಿಸುವ ಸಂಸ್ಥೆ ಕಾರ್ಮಿಕ ಕಾನೂನಿಗೆ ಹೊರತಲ್ಲ ಎಂಬ ವಾದಕ್ಕೆ ಆ ತೀರ್ಪು ಆಧಾರವಾಯಿತು. ವರ್ಷ ತುಂಬಿದ ಕೆಲಸಗಾರನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ಸಂಬಳ, ಜೊತೆಗೆ ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕು. ನಿನಗೆ ಕೊಟ್ಟದ್ದು ಏನೂ ಇಲ್ಲ.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಮಾತು. ‘ಮುಂದಿನ ಎಲೆಕ್ಷನ್ನಿನಲ್ಲಿ ನಮ್ಮವರು ಬರಲಿ, ನಿನ್ನನ್ನು ತಿರುಗಿ ಸೇರಿಸಿಕೊಳ್ಳುತ್ತಾರೆ’ ಎನ್ನುವವರ ಮಾತು ನಂಬಿ ಕೂರಬೇಡ. ಸಣ್ಣ ಊರಿನಲ್ಲಿ ಎಷ್ಟೋ ನ್ಯಾಯವಾದ ಕೇಸುಗಳು ಸತ್ತಿರುವುದು ಈ ಭರವಸೆಯಿಂದಲೇ. ಹಳೆಯ ಕಾಯ್ದೆಯಡಿ ನಮ್ಮ ರಾಜ್ಯದ ತಿದ್ದುಪಡಿಯಂತೆ ಆರು ತಿಂಗಳೊಳಗೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಿತ್ತು, ಸಂಧಾನದ ದಾರಿಯಲ್ಲಿ ಮೂರು ವರ್ಷದ ಗಡುವಿತ್ತು. 2025ರ ನವೆಂಬರ್ 21ರಿಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ವಿವಾದ ಹುಟ್ಟಿ ಎರಡು ವರ್ಷ ಕಳೆದರೆ ಸಂಧಾನಾಧಿಕಾರಿ ಅದನ್ನು ಮುಟ್ಟುವಂತಿಲ್ಲ. ನೀನು ಎರಡು ತಿಂಗಳೂ ಕಾಯಬೇಡ. ಕಾರ್ಮಿಕ ಇಲಾಖೆಯಲ್ಲಿ ಸಂಧಾನಕ್ಕೆ ಅರ್ಜಿ ಕೊಡಲು ವಕೀಲರೇ ಬೇಕೆಂದಿಲ್ಲ. ರಾಜಿ ಕುದುರಿದರೆ ಅಲ್ಲೇ, ಬರಹದಲ್ಲಿ, ಅಧಿಕಾರಿಯ ಎದುರಿಗೇ ಆಗಲಿ. ಸದಸ್ಯರೊಬ್ಬರ ಮನೆ ಜಗಲಿಯ ಮೇಲೆ ಆದ ರಾಜಿಗೆ ನಾಳೆ ಸಾಕ್ಷಿ ಹೇಳುವವರಿಲ್ಲ.

ವಕೀಲರು ಬೇಕಾದಾಗ, ನಿನ್ನ ಕೇಸು ಹಿಡಿಯುವವರು ಪಂಚಾಯಿತಿಯ ಪ್ಯಾನೆಲ್‌ನಲ್ಲಿ ಇದ್ದಾರೆಯೇ ಎಂದು ಸಂಕೋಚಪಡದೆ ಕೇಳು. ಒಂದೇ ಬೀದಿಯ ಊರಿನಲ್ಲಿ ಇದು ದೊಡ್ಡ ವಿಷಯ. ದುಡ್ಡಿಲ್ಲವೆಂದು ಹಿಂದೆ ಸರಿಯಬೇಡ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ. ಕಾರ್ಮಿಕರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ 1987ರ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ವಕೀಲರ ಎದುರು ಕೂತಾಗ ಒಂದನ್ನು ಸ್ಪಷ್ಟ ಮಾಡಿಕೋ. ‘ನನ್ನನ್ನು ಖಾಯಂ ಮಾಡಿ’ ಎನ್ನುವುದು ಬೇರೆ, ‘ನನ್ನನ್ನು ಕಾನೂನು ಮೀರಿ ತೆಗೆದಿದ್ದಾರೆ’ ಎನ್ನುವುದು ಬೇರೆ. ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪು ಮೊದಲನೆಯದಕ್ಕೆ ಅಡ್ಡ ನಿಲ್ಲುತ್ತದೆ. ಎರಡನೆಯದನ್ನು ತಳ್ಳಿಹಾಕಲೂ ಅದನ್ನೇ ಬಳಸುತ್ತಾರೆ, ಅದು ಸರಿಯಲ್ಲ. ಗಾಜಿಯಾಬಾದ್ ನಗರಪಾಲಿಕೆ 2005ರಲ್ಲಿ ನೋಟಿಸಿಲ್ಲದೆ ಬಿಡಿಸಿದ ತೋಟದ ಮಾಲಿಗಳನ್ನು ಮರಳಿ ಸೇರಿಸಿಕೊಂಡು ಅರ್ಧ ಹಿಂಬಾಕಿ ಕೊಡಬೇಕೆಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಹೇಳಿತು. ಆದರೆ ಬಿಡಿಸಿದ ವರ್ಷಕ್ಕೂ ತೀರ್ಪು ಬಂದ ವರ್ಷಕ್ಕೂ ನಡುವಿನ ದೂರವನ್ನೂ ನೋಡು, ಇಪ್ಪತ್ತು ವರ್ಷ. ದಿನಗೂಲಿಯವರಿಗೆ ಕೆಲಸದ ಬದಲು ಒಂದಿಷ್ಟು ಪರಿಹಾರ ಕೊಟ್ಟು ಮುಗಿಸಿದ ತೀರ್ಪುಗಳೂ ಇವೆ. ಮನೆಯವರ ಹತ್ತಿರ ಇದನ್ನು ಮುಚ್ಚಿಡಬೇಡ. ಈ ನಡುವೆ ಸಿಕ್ಕ ಕೂಲಿ ಮಾಡು, ಮಕ್ಕಳ ಶಾಲೆ ನಿಲ್ಲಿಸಬೇಡ. ಕೋರ್ಟಿನಲ್ಲಿ ಕೇಳಿದರೆ ಆ ಸಂಪಾದನೆಯನ್ನು ಇದ್ದ ಹಾಗೆ ಹೇಳು. ಸುಳ್ಳು ಸಿಕ್ಕಿಬಿದ್ದರೆ ನಿಜವೂ ನಂಬಿಕೆ ಕಳೆದುಕೊಳ್ಳುತ್ತದೆ.

ನಿನ್ನ ಜಾಗಕ್ಕೆ ಬಂದ ಹುಡುಗನ ಮೇಲೆ ಹಗೆ ಇಟ್ಟುಕೊಳ್ಳಬೇಡ. ಅವನ ಹೆಸರು, ಸೇರಿದ ತಾರೀಖು ನಿನ್ನ ಅರ್ಜಿಯಲ್ಲಿರಲಿ, ಏಕೆಂದರೆ ಕೆಲಸವೇ ಇಲ್ಲ ಎಂಬ ನೆಪ ಅದರಿಂದ ಬೀಳುತ್ತದೆ. ಅವನೂ ಬಡವರ ಮನೆಯವನೇ. ಮುಂದಿನ ಅಧ್ಯಕ್ಷರು ಬಂದಾಗ ಅದೇ ಮೆಟ್ಟಿಲ ಮೇಲೆ ಅವನೂ ನಿಲ್ಲಬೇಕಾಗಬಹುದು.

ಅರ್ಜಿಯನ್ನು ಇವತ್ತೇ ಬರೆ, ಕೊಡುವ ಮೊದಲು ನನಗೊಮ್ಮೆ ತೋರಿಸು. ತಾರೀಖು ಹಾಕುವುದನ್ನು ಮಾತ್ರ ಮರೆಯಬೇಡ.