ಕೌದಿ

ಹಿಮ ಬೀಳುವ ದೇಶಗಳ ಕಥೆಗಳಲ್ಲಿ ಒಬ್ಬ ಅಜ್ಜಿ ಆಗಾಗ ಬರುತ್ತಾಳೆ. ಬೆಂಕಿಯ ಪಕ್ಕದಲ್ಲಿ ಕುಳಿತು, ಎರಡು ಕಡ್ಡಿಗಳ ನಡುವೆ ಉಣ್ಣೆಯ ನೂಲನ್ನು ಆಡಿಸುತ್ತ, ಮೊಮ್ಮಕ್ಕಳಿಗಾಗಿ ಅಂಗಿಯನ್ನೋ ಕಾಲುಚೀಲವನ್ನೋ ಹೆಣೆಯುತ್ತಾಳೆ. ಕೆಲವು ವರ್ಷಗಳ ಹಿಂದೆ ಏಳನೆಯ ಇಯತ್ತೆಯ ವರ್ಗದಲ್ಲಿ ಇಂಥದೊಂದು ಕಥೆಯನ್ನು ಹೇಳಿ ಮುಗಿಸಿ, "ನಿಮ್ಮ ಅಜ್ಜಿ ನಿಮಗೆ ಏನು ಹೆಣೆದುಕೊಟ್ಟಿದ್ದಾರೆ?" ಎಂದು ಕೇಳಿದೆ. ಒಬ್ಬರೂ ಕೈ ಎತ್ತಲಿಲ್ಲ. "ಹಾಗಾದರೆ ನಿನ್ನೆ ರಾತ್ರಿ ಏನು ಹೊದ್ದು ಮಲಗಿದಿರಿ?" ಎಂದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಸಣ್ಣ ದನಿಯಲ್ಲಿ, "ಕೌದಿ, ಗುರೂಜಿ" ಎಂದು ಹೇಳಿ ನಾಚಿ ತಲೆ ತಗ್ಗಿಸಿದಳು. ಆ ನಾಚಿಕೆಯ ಸಲುವಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಸಾಂಗಲಿ ಮಿರಜಗಳ ಕಡೆ ಚಳಿ ಎಂಬುದು ಎರಡು ಮೂರು ತಿಂಗಳ ಅತಿಥಿ. ಕುರಿ ಕಾಯುವವರಿಗೆ ಕಂಬಳಿ ಉಂಟು. ಉಳಿದ ಮನೆಗಳಿಗೆಲ್ಲ ಹತ್ತಿಯ ಅರಿವೆ ಸಾಕು. ಆದುದರಿಂದ ನಮ್ಮ ಅಜ್ಜಿಯಂದಿರು ಉಣ್ಣೆಯ ಕಡ್ಡಿಗಳನ್ನು ಹಿಡಿಯದೆ ಸೂಜಿಯನ್ನು ಹಿಡಿದರು. ಹಳೆಯ ಸೀರೆ ಧೋತರಗಳನ್ನು ಪದರು ಪದರಾಗಿ ಹಾಸಿ, ಒತ್ತೊತ್ತಾಗಿ ಹೊಲಿದು ಕೌದಿ ಮಾಡಿದರು. ನಮ್ಮ ನೆರೆಯ ಮರಾಠಿ ಮನೆಗಳಲ್ಲಿ ಇದನ್ನೇ ಗೋಧಡಿ ಎನ್ನುತ್ತಾರೆ, ವಾಕಳ ಎಂದೂ ಕರೆಯುವುದುಂಟು. ಹೆಸರು ಬೇರೆಯಾದರೂ ಹೊಲಿಗೆ ಒಂದೇ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಡೆ ವಾಸಿಸುವ ಸಿದ್ದಿ ಜನರ ಪೂರ್ವಿಕರು ಆಫ್ರಿಕಾ ಖಂಡದಿಂದ ಬಂದವರು. ಅವರ ಹೆಂಗಸರು ಹೊಲಿಯುವ ಕವಂದಿಯೂ ಇದೇ ಜಾತಿಯದು. ಅಂಚಿನಿಂದ ಹೊಲಿಗೆ ಆರಂಭಿಸಿ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕೂ ಮೂಲೆಗಳಿಗೆ ಮಡಿಚಿದ ಬಟ್ಟೆಯ ಪುಟ್ಟ ತ್ರಿಕೋನಗಳನ್ನು ಸೇರಿಸಿ ಅವನ್ನು ಹೂವೆಂದು ಕರೆಯುತ್ತಾರೆ. ಬಂಗಾಳದ ಕಂಥಾ ಸಹ ಹಳೆಯ ಸೀರೆ ಧೋತರಗಳಿಂದಲೇ ಹುಟ್ಟಿದ್ದು. ತೇಪೆಯ ಬಟ್ಟೆಗೆ ಸಂಸ್ಕೃತದಲ್ಲಿ ಕಂಥಾ ಎಂಬ ಹೆಸರಿದೆ. ವಿರಕ್ತರು ಹೊದೆಯುತ್ತಿದ್ದುದು ಅದನ್ನೇ. ಬಡವರ ಮನೆಯ ಹೊದಿಕೆ ಎಂದು ಮೂಗು ಮುರಿಯುವವರು ಇದನ್ನು ನೆನಪಿಡಬೇಕು.

ಇನ್ನು ಇದರಲ್ಲಿ ಅಡಗಿರುವ ದುಡಿಮೆಯ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಒಂಬತ್ತು ಗಜದ ಸೀರೆ ಎಂದರೆ ಸುಮಾರು 8.23 ಮೀಟರು ಉದ್ದ. ಅದನ್ನು ನಾಲ್ಕು ಭಾಗ ಮಾಡಿದರೆ ಒಂದೊಂದು ತುಂಡು 2 ಮೀಟರಿಗಿಂತ ತುಸು ಹೆಚ್ಚು. ಸೀರೆಯ ಅಗಲ 1.15 ಮೀಟರು ಎಂದು ಹಿಡಿಯೋಣ. ಎರಡು ತುಂಡುಗಳನ್ನು ಅಕ್ಕಪಕ್ಕ ಜೋಡಿಸಿದರೆ ಇಬ್ಬರು ಮಲಗುವಷ್ಟು ಅಗಲದ ಒಂದು ಪದರು ಆಯಿತು. ಎರಡು ಸೀರೆಗಳಿಂದ ಇಂಥ ನಾಲ್ಕು ಪದರುಗಳು ಬರುತ್ತವೆ. ಹೊಲಿಗೆಯ ಸಾಲುಗಳ ನಡುವೆ ಒಂದು ಬೆರಳಿನ ಅಂತರ, ಅಂದರೆ 2 ಸೆಂಟಿಮೀಟರು. ಸೂಜಿ ಒಮ್ಮೆ ಒಳಹೊಕ್ಕು ಹೊರಬರುವುದಕ್ಕೆ 1 ಸೆಂಟಿಮೀಟರು. ಗುಣಿಸಿ ನೋಡಿದರೆ ಒಂದು ಕೌದಿಗೆ 23,000ಕ್ಕಿಂತ ಹೆಚ್ಚು ಹೊಲಿಗೆಗಳು! ಅಡಿಗೆ, ನೀರು, ದನಕರುಗಳ ಕೆಲಸವೆಲ್ಲ ತೀರಿದ ಮೇಲೆ, ಮಧ್ಯಾಹ್ನದ ಬಿಡುವಿನಲ್ಲಿ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಹಾಕಿದ ಹೊಲಿಗೆಗಳಿವು. ಇದನ್ನು ಹೊಲಿದ ಅಜ್ಜಿಗೆ ಮಗ್ಗಿ ಬರುತ್ತಿರಲಿಲ್ಲ ಎಂದು ನಗುವ ಮೊಮ್ಮಗನು ಈ ಲೆಕ್ಕವನ್ನು ಒಂದು ಸಲ ಬಿಡಿಸಲಿ.

ಒಂದು ದಪ್ಪ ಬಟ್ಟೆಯನ್ನೇ ಹೊದೆಯಬಾರದೇಕೆ, ಪದರುಗಳು ಏಕೆ ಬೇಕು ಎಂದು ಕೇಳಬಹುದು. ಗಾಳಿಯು ಶಾಖವನ್ನು ಬಹಳ ನಿಧಾನವಾಗಿ ಸಾಗಿಸುವ ವಸ್ತು. ಪದರುಗಳ ನಡುವೆ ಅಲುಗಾಡದೆ ನಿಂತ ಗಾಳಿಯೇ ನಮ್ಮ ಮೈಯ ಬಿಸುಪನ್ನು ಹೊರಗೆ ಹೋಗಗೊಡುವುದಿಲ್ಲ. ಒತ್ತಾದ ಹೊಲಿಗೆಗೂ ಕಾರಣವಿದೆ. ಹಳತಾದ ಸೀರೆಯನ್ನು ಉಟ್ಟರೆ ಎಳೆತವೆಲ್ಲ ಒಂದೇ ಕಡೆ ಬಿದ್ದು ಅದು ಹರಿಯುತ್ತದೆ. ಕೌದಿಯಲ್ಲಾದರೋ ಆ ಎಳೆತವನ್ನು ಸಾವಿರಾರು ಹೊಲಿಗೆಗಳು ಹಂಚಿಕೊಳ್ಳುತ್ತವೆ. ಹೀಗಾಗಿ ಉಡಲು ಬಾರದ ಬಟ್ಟೆಯು ಮತ್ತೆ ಎಷ್ಟೋ ವರ್ಷ ಬಾಳುತ್ತದೆ. ಇದಕ್ಕೆ ಹತ್ತಿಯೇ ಆಗಬೇಕು. ಪಾಲಿಯೆಸ್ಟರ್ ಸೀರೆ ಬೆವರನ್ನು ಹೀರುವುದಿಲ್ಲ, ಎಷ್ಟು ಒಗೆದರೂ ಮೆತ್ತಗಾಗುವುದಿಲ್ಲ, ಸೂಜಿಯ ಕೆಳಗೆ ಜಾರುತ್ತದೆ. ಅಂಥ ಸೀರೆಗಳು ಮನೆಮನೆಗೆ ಬಂದ ಮೇಲೆ ಕೌದಿಗೆ ಬೇಕಾದ ಹಳೆಯ ಅರಿವೆಯೇ ಕಡಿಮೆಯಾಯಿತು. ಪೇಟೆಯಲ್ಲಿ ಹೂವಿನ ಚಿತ್ರದ ನುಣುಪಾದ ಹೊದಿಕೆಗಳು ಅಗ್ಗವಾಗಿ ದೊರೆಯತೊಡಗಿದವು. ಕೌದಿ ಅಟ್ಟ ಸೇರಿತು.

ಕೂಸಿನ ಕೌದಿಯ ಮಾತನ್ನು ತಾಯಂದಿರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ತೊಟ್ಟಿಲಿಗೆ ಹಾಕುವ ದಿನ ತವರಿನಿಂದ ಬರುವ ಕುಂಚಿಗೆ ಕುಲಾವಿಗಳು ಹೊಸ ಬಟ್ಟೆಯವಾದರೂ, ಕೂಸಿನ ಮೈಗೆ ಮೊದಲು ತಾಗಬೇಕಾದದ್ದು ಹಿರಿಯರು ಉಟ್ಟು ಸವೆಸಿದ ಅರಿವೆ ಎಂದು ನಮ್ಮಲ್ಲಿ ನಂಬಿಕೆ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಬಣ್ಣ ಬಿಡುತ್ತದೆ, ಎಳೆಯ ಚರ್ಮಕ್ಕೆ ಒರಟಾಗುತ್ತದೆ. ನೂರಾರು ಸಲ ಒಗೆದ ಸೀರೆಗೆ ಈ ದೋಷಗಳಿಲ್ಲ. ನಂಬಿಕೆಯೊಳಗೆ ತಿಳಿವಳಿಕೆ ಸೇರಿಕೊಂಡಿರುವುದು ಹೀಗೆ.

ನಮ್ಮ ಮನೆಯ ಒಂದು ಕೌದಿಯ ವಿಷಯ ಹೇಳುತ್ತೇನೆ. ನನ್ನ ತಂದೆಯವರು ಸಾಂಗಲಿಯ ಅರಿಸಿನದ ಪೇಟೆಯಲ್ಲಿ ದುಡಿಯುತ್ತಿದ್ದರು. ಸಂಜೆ ಮನೆಗೆ ಬಂದಾಗ ಅವರ ಧೋತರ ಹಳದಿಯಾಗಿರುತ್ತಿತ್ತು. ಅವರು ತೀರಿಕೊಂಡ ಮೇಲೆ ತಾಯಿಯವರು ಅವರ ಅರಿವೆಗಳನ್ನು ಯಾರಿಗೂ ಕೊಡಲಿಲ್ಲ. ಆರು ತಿಂಗಳ ನಂತರ ಒಂದು ಕೌದಿ ಹೊಲಿಯಲು ಕುಳಿತರು. ಮೇಲೆ ತಮ್ಮ ಇಳಕಲ್ಲ ಸೀರೆ, ಒಳಗೆ ಏನಿತ್ತೋ ನಾವು ನೋಡಲಿಲ್ಲ. ಕೊನೆಯ ಮೂಲೆಯನ್ನು ಮುಚ್ಚುವ ಮುಂಚೆ, ಕೌದಿ ಹಸಿದಿರಬಾರದು ಎಂದು ನಾಲ್ಕು ಕಾಳು ಜೋಳವನ್ನು ಒಳಗಿಟ್ಟು ಹೊಲಿದರು. ಅದನ್ನು ನನ್ನ ಮಗಳಿಗೆ ಕೊಟ್ಟರು. ಅಜ್ಜನ ತೊಡೆಯ ಮೇಲೆ ಬೆಳೆದವಳು ಅವಳು. ಆಗ ಅವಳಿಗೆ ನಾಲ್ಕು ವರ್ಷ.

2019ರ ಆಗಸ್ಟಿನಲ್ಲಿ ಕೃಷ್ಣೆಗೆ ಬಂದ ಮಹಾಪೂರವನ್ನು ಇಲ್ಲಿಯ ಪಾಲಕರು ಯಾರೂ ಮರೆತಿರಲಾರರು. 1929ರಲ್ಲಿ ಕಟ್ಟಿದ ಆಯರ್ವಿನ್ ಸೇತುವೆಯ ಬಳಿ ಅಪಾಯದ ಮಟ್ಟ 45 ಅಡಿ. ಆ ಸಲ ನೀರು 57 ಅಡಿಯನ್ನು ಮುಟ್ಟಿತು. ನಾವು ಕಾಗದಪತ್ರಗಳನ್ನೂ ತಾಯಿಯವರ ಔಷಧಗಳನ್ನೂ ಎತ್ತಿಕೊಂಡು ಮಿರಜದ ನೆಂಟರ ಮನೆ ಸೇರಿದೆವು. ಮರಳಿ ಬಂದಾಗ ಪೆಟ್ಟಿಗೆಯಲ್ಲಿದ್ದ ಕೌದಿ ನೀರು ಕುಡಿದು ಇಬ್ಬರು ಎತ್ತಲಾರದಷ್ಟು ಭಾರವಾಗಿತ್ತು, ಕೆಸರು ನಾರುತ್ತಿತ್ತು. ಓಣಿಯ ತುಂಬ ಹಾಸಿಗೆಗಳ ಗುಡ್ಡೆ ಬಿದ್ದಿತ್ತು. ಇದನ್ನೂ ಅಲ್ಲಿಯೇ ಹಾಕೋಣ ಎಂದೆ. ತಾಯಿಯವರು ಮರುಮಾತಾಡದೆ ಕತ್ತರಿ ತರಿಸಿ, ಒಂದು ಬದಿಯ ಹೊಲಿಗೆಯನ್ನು ಬಿಚ್ಚಿದರು. ಒಳಗಿನ ಪದರು ಮಾಸಲು ಹಳದಿಯಾಗಿತ್ತು. ತಂದೆಯವರ ಧೋತರ.

ಸಾಬೂನಿನ ನೀರಿಗೆ ಹಾಕಿದೊಡನೆ ಅದು ಕೆಂಪಾಯಿತು. ನನ್ನ ಹೆಂಡತಿ ಹೌಹಾರಿದಳು. ಆದರೆ ಅರಿಸಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದನ್ನು ಕಂಡವರಿಗೆ ಇದು ಹೊಸದಲ್ಲ: ಕ್ಷಾರ ತಾಗಿದರೆ ಅರಿಸಿನ ಕೆಂಪಾಗುತ್ತದೆ, ಒಳ್ಳೆಯ ನೀರಿನಲ್ಲಿ ಜಾಲಿಸಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಅರಿಸಿನದ ಬಣ್ಣ ನೀರಿನಲ್ಲಿ ಕರಗುವುದಿಲ್ಲ. ಆದುದರಿಂದಲೇ ಇಷ್ಟು ವರ್ಷ ಆದರೂ, ಮಹಾಪೂರದಲ್ಲಿ ನೆನೆದರೂ ಅದು ಉಳಿದಿತ್ತು. ಅದಕ್ಕೆ ವೈರಿ ಎಂದರೆ ಬಿಸಿಲು. ಕತ್ತಲೆಯ ಪದರಿನೊಳಗೆ ಉಳಿದುಕೊಂಡು ಬಂದ ಬಣ್ಣ ಬಿಸಿಲಿಗೆ ಬಿದ್ದರೆ ಕೆಲವು ದಿನಗಳಲ್ಲಿ ಮಾಯವಾಗುತ್ತದೆ. ಬಿಸಿಲಿಗೆ ಹಾಕದಿದ್ದರೆ ಬೂಷ್ಟು ಹಿಡಿದು ಅರಿವೆಯೇ ಕೊಳೆಯುತ್ತದೆ. ಶಾಲೆಯಲ್ಲಿ ಇದನ್ನೆಲ್ಲ ಕಲಿಸುವ ನಾನು ಏನು ಮಾಡಬೇಕೆಂದು ತಿಳಿಯದೆ, ಒದ್ದೆ ಧೋತರವನ್ನು ಹಿಡಿದು ಅಂಗಳದಲ್ಲಿ ನಿಂತೆ. ನೆರಳಿನಲ್ಲಿ ಒಣಗಿಸೋಣವೇ ಎಂದು ತಾಯಿಯವರನ್ನು ಕೇಳಿದೆ.

"ಬಿಸಲಿಗೇ ಹಾಕು, ತಮ್ಮಾ. ಬಣ್ಣ ಹೋದ್ರ ಹೋಗಲಿ. ಅರಿವಿ ಉಳೀಬೇಕು" ಎಂದರು.

ಮೋಡ ಸರಿದ ಮೇಲೆ ನಾಲ್ಕು ದಿನ ಹಗ್ಗದ ಮೇಲೆ ಬಿದ್ದಿತ್ತು. ತಾಯಿಯವರು ಪ್ರತಿದಿನ ಸಂಜೆ ಬಂದು ಅದನ್ನು ಮುಟ್ಟಿ ನೋಡಿ ಹೋಗುತ್ತಿದ್ದರು; ಒಣಗಿದೆಯೋ ಇಲ್ಲವೋ ಎಂದು ನೋಡುತ್ತಿದ್ದರೆಂದು ಅಂದುಕೊಂಡಿದ್ದೆ. ಐದನೆಯ ದಿನ ಅದು ಬರಿ ಬಿಳಿಯ ಬಟ್ಟೆಯಾಗಿತ್ತು. ಗಟ್ಟಿಯಾಗಿ ಉಳಿದ ಭಾಗವನ್ನು ಕತ್ತರಿಸಿ, ಇಳಕಲ್ಲ ಸೀರೆಯ ಉಳಿದ ಅಂಚನ್ನು ಸುತ್ತ ಕೊಟ್ಟು, ಒಂದು ಮೊಳ ಅಗಲ ಒಂದೂವರೆ ಮೊಳ ಉದ್ದದ ಕೂಸಿನ ಕೌದಿ ಹೊಲಿದರು. ಕಣ್ಣು ಮಂಜಾಗಿದ್ದುದರಿಂದ ಸೂಜಿಗೆ ದಾರ ಪೋಣಿಸಿಕೊಡುವ ಕೆಲಸ ನನ್ನದಾಯಿತು. ಸಾಲುಗಳು ಮೊದಲಿನಷ್ಟು ನೇರವಾಗಿರಲಿಲ್ಲ. ಜೋಳದ ಕಾಳು ಇಡುವುದನ್ನು ಮಾತ್ರ ಮರೆಯಲಿಲ್ಲ.

ಆ ಕೌದಿ ಪುಣೆಗೆ ಹೋಯಿತು. ನನ್ನ ಮಗಳ ಸಂಸಾರ ಅಲ್ಲಿಯೇ. ಅವಳ ಕೂಸು ಈಗ ಶಾಲೆಗೆ ಹೋಗುವ ಹುಡುಗಿ. ಮನೆಯಲ್ಲಿ, ಓಣಿಯಲ್ಲಿ, ಶಾಲೆಯಲ್ಲಿ ಅವಳದು ಮರಾಠಿ ಮಾತು. ನಮ್ಮೊಡನೆ ಫೋನಿನಲ್ಲಿ ಮಾತಾಡುವಾಗ ಎರಡು ವಾಕ್ಯದ ಕನ್ನಡ ಮುಗಿದೊಡನೆ ಅದಕ್ಕೇ ಜಾರುತ್ತಾಳೆ. ಅದರ ಬಗ್ಗೆ ಮಗಳ ಮೇಲೆ ನಾನು ಒಂದೆರಡು ಸಲ ಸಿಟ್ಟಾದದ್ದೂ ಉಂಟು. ಕಳೆದ ದೀಪಾವಳಿಗೆ ಬಂದಾಗ ಹುಡುಗಿ ತನ್ನ ಚೀಲದಿಂದ ಆ ಪುಟ್ಟ ಹೊದಿಕೆಯನ್ನು ತೆಗೆದಳು. ಕಾಲು ಮುಚ್ಚಿದರೆ ಎದೆ ಮುಚ್ಚುವುದಿಲ್ಲ, ಆದರೂ ಅದಿಲ್ಲದೆ ನಿದ್ರೆ ಬಾರದಂತೆ. ನೆರೆಮನೆಯ ಹುಡುಗನೊಬ್ಬ ಅದನ್ನು ಕಂಡು ಗೋಧಡಿ ಎಂದ. ಅವಳು ಮರಾಠಿಯಲ್ಲಿಯೇ ಅವನನ್ನು ತಿದ್ದಿದಳು: ಇದು ಗೋಧಡಿಯಲ್ಲ, ಕೌದಿ.